ಒಂಟಿ ಕೋಳಿಗೆ ಜೊತೆ ಬೇಕೇ? ಬೇಕು, ಆದರೆ ಒಂದಲ್ಲ, ಎರಡು

ಪ್ರಶ್ನೆ: ನಮ್ಮದು ದಾವಣಗೆರೆಯ ನಿಟ್ಟುವಳ್ಳಿ. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ, ಹಿಂದೆ ಸ್ವಲ್ಪ ಹಿತ್ತಲು. ಮಗನ ಆಸೆಗೆ ಎರಡು ಜವಾರಿ ಕೋಳಿ ಸಾಕಿದ್ದೆವು, ಕೆಂಪಿ ಮತ್ತು ಚುಕ್ಕಿ. ಹೋದ ತಿಂಗಳು ಕೆಂಪಿಯನ್ನು ಬೀದಿನಾಯಿ ಹಿಡಿಯಿತು. ಎರಡು ವರ್ಷದ ಚುಕ್ಕಿ ಅಂದಿನಿಂದ ಅಡುಗೆಮನೆ ಬಾಗಿಲು ಬಿಟ್ಟು ಕದಲುತ್ತಿಲ್ಲ. ದಿನವಿಡೀ ಕೂಗುತ್ತದೆ. ತೊಳೆದಿಟ್ಟ ಸ್ಟೀಲ್ ಕೊಡದ ಮುಂದೆ ನಿಂತು ಅದನ್ನೇ ಕುಕ್ಕುತ್ತದೆ. ಮೊಟ್ಟೆಯೂ ಕಡಿಮೆ. ಅತ್ತೆಯ ಊರಿಂದ ಮೂರು ತಿಂಗಳ ಹ್ಯಾಟೆಯೊಂದನ್ನು (ಇನ್ನೂ ಮೊಟ್ಟೆಗೆ ಬರದ ಎಳೆ ಹೆಣ್ಣುಕೋಳಿ) ತಂದು ಅವತ್ತೇ ಸಂಜೆ ಗೂಡಿಗೆ ಬಿಟ್ಟೆವು. ಬೆಳಿಗ್ಗೆ ಅದರ ತಲೆಯೆಲ್ಲ ರಕ್ತ. ವಾಪಸ್ ಕಳಿಸಿದೆವು. ಹಾಗಾದರೆ ಚುಕ್ಕಿಗೆ ಜೊತೆ ಬೇಡವೇ? ಪಕ್ಕದ ಮನೆಯವರು ಗಿರಿರಾಜ ಹುಂಜ ಕೊಡುತ್ತೇವೆ ಎನ್ನುತ್ತಾರೆ, ತರಬಹುದೇ? ಇಲ್ಲ, ಚುಕ್ಕಿಯನ್ನೇ ಊರಿಗೆ ಕಳಿಸಿಬಿಡುವುದು ಒಳ್ಳೆಯದೇ?

ಉತ್ತರ: ಚುಕ್ಕಿಗೆ ಜೊತೆ ಬೇಕು. ಅದರಲ್ಲಿ ಅನುಮಾನ ಬೇಡ. ಮೂರು ತಿಂಗಳ ಹ್ಯಾಟೆಯನ್ನು ಕುಕ್ಕಿ ರಕ್ತ ಬರಿಸಿದ್ದಕ್ಕೂ ಜೊತೆ ಬೇಕೋ ಬೇಡವೋ ಎಂಬುದಕ್ಕೂ ಸಂಬಂಧವಿಲ್ಲ. ತಂದ ಕೋಳಿ ಸಣ್ಣದಾಯಿತು, ಒಂದೇ ಆಯಿತು, ಬಿಟ್ಟಿದ್ದು ಅವಸರವಾಯಿತು. ಈ ಮೂರೂ ಒಟ್ಟಿಗೆ ಸೇರಿದರೆ ಎಂಥ ಸಾಧು ಕೋಳಿಯೂ ಹಾಗೇ ಮಾಡುತ್ತದೆ.

ಕೋಳಿ ಗುಂಪಿನಲ್ಲಿ ಬದುಕುವ ಹಕ್ಕಿ. ಒಂದು ಮೇಯುವಾಗ ಇನ್ನೊಂದು ತಲೆಯೆತ್ತಿ ಹದ್ದು ಬಂತೇ ಎಂದು ನೋಡುತ್ತದೆ. ಒಂದು ಮಣ್ಣಲ್ಲಿ ಹೊರಳಿದರೆ ಉಳಿದವೂ ಹೋಗಿ ಹೊರಳುತ್ತವೆ. ರಾತ್ರಿ ಮೈಗೆ ಮೈ ತಾಗಿಸಿ ಕೂರುತ್ತವೆ. ಒಂಟಿಯಾದ ಕೋಳಿಗೆ ಕಾವಲು ಕಾಯುವ ಕಣ್ಣು ತನ್ನದೊಂದೇ. ಅದಕ್ಕೇ ಧೈರ್ಯವಾಗಿ ಮೇಯುವುದಿಲ್ಲ, ಕೂಗುತ್ತಲೇ ಇರುತ್ತದೆ, ಮನುಷ್ಯರಿರುವ ಕಡೆ ಬಂದು ನಿಲ್ಲುತ್ತದೆ. ಅಡುಗೆಮನೆ ಬಾಗಿಲೇ ಈಗ ಅದರ ಗುಂಪು. ನಿಮ್ಮ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ನೀವು ಅದರ ಜೊತೆ ಗೂಡಿನಲ್ಲಿ ಮಲಗಲು ಆಗುವುದಿಲ್ಲ, ಅಲ್ವಾ?

ಸ್ಟೀಲ್ ಕೊಡದಲ್ಲಿ ಕಾಣುವುದು ತನ್ನದೇ ಬಿಂಬ ಎಂದು ಅದಕ್ಕೆ ಗೊತ್ತಿಲ್ಲ. ಎದುರಿಗೆ ಇನ್ನೊಂದು ಕೋಳಿ ಇದೆ ಎಂದುಕೊಂಡು ಕುಕ್ಕುತ್ತದೆ. ಕೆಲವರು ಗೂಡಿನಲ್ಲಿ ಕನ್ನಡಿ ಇಡಲು ಹೇಳುತ್ತಾರೆ. ಹೊಸ ಕೋಳಿ ಬರುವ ತನಕ ಇಟ್ಟುಕೊಳ್ಳಿ, ಕೆಟ್ಟದ್ದೇನಿಲ್ಲ. ಆದರೆ ಅದನ್ನೇ ಜೊತೆ ಎಂದುಕೊಂಡು ಸುಮ್ನೆ ಇದ್ದುಬಿಡಬೇಡಿ.

ಮೊಟ್ಟೆ ಕಡಿಮೆಯಾದದ್ದನ್ನು ಪೂರ್ತಿ ಒಂಟಿತನದ ಲೆಕ್ಕಕ್ಕೆ ಹಾಕಬೇಡಿ. ಜವಾರಿ ಕೋಳಿ ವರ್ಷವಿಡೀ ಇಡುವುದಿಲ್ಲ. ಒಂದಷ್ಟು ದಿನ ಇಟ್ಟು ನಿಲ್ಲಿಸುತ್ತದೆ, ಕಾವಿಗೆ ಕೂರುತ್ತದೆ, ಪುಕ್ಕ ಉದುರಿಸುವಾಗ ಮೊಟ್ಟೆಯನ್ನೇ ಮರೆತುಬಿಡುತ್ತದೆ. ನಾಯಿ ಬಂದ ದಿನದ ಗಾಬರಿಯೂ ಸೇರಿರಬಹುದು. ಹೊಟ್ಟೆ ತುಂಬ ತಿನ್ನುತ್ತಿದೆಯೇ, ಹಿಕ್ಕೆ ಸರಿಯಿದೆಯೇ, ಜುಟ್ಟು ಕೆಂಪಗಿದೆಯೇ ಅಷ್ಟು ನೋಡಿಕೊಳ್ಳಿ. ಇವು ಸರಿ ಇದ್ದರೆ ಮೊಟ್ಟೆಯ ಚಿಂತೆ ಬಿಡಿ.

ಇನ್ನು ಆ ರಕ್ತದ ವಿಷಯ. ಕೋಳಿಗಳಲ್ಲಿ ಯಾರು ಮೊದಲು ತಿನ್ನಬೇಕು, ಅಡ್ಡಗೋಲಿನ ಮೇಲೆ ಎಲ್ಲಿ ಕೂರಬೇಕು ಎಂಬುದಕ್ಕೆಲ್ಲ ಒಂದು ಸಾಲು ಇರುತ್ತದೆ. ಯಾರು ಯಾರನ್ನು ಕುಕ್ಕಬಹುದು, ಯಾರಿಗೆ ದಾರಿ ಬಿಡಬೇಕು ಎಂಬುದು ಪ್ರತಿ ಕೋಳಿಗೂ ಗೊತ್ತು. ನಾರ್ವೆಯ ಥೊರ್ಲೀಫ್ ಷೆಲ್ಡೆರುಪ್-ಎಬ್ಬೆ ಎಂಬಾತ ಚಿಕ್ಕ ಹುಡುಗನಿದ್ದಾಗಿನಿಂದ ಕೋಳಿಗಳನ್ನು ನೋಡಿ ಬರೆದಿಟ್ಟುಕೊಂಡು, 1921ರಲ್ಲಿ ಇದನ್ನು ಪ್ರಬಂಧವಾಗಿ ಬರೆದ. ನಿಮ್ಮ ಮಗನೂ ಒಂದು ನೋಟ್‌ಬುಕ್ ಇಟ್ಟುಕೊಳ್ಳಬಹುದು. ಕೆಂಪಿ ಹೋದ ಮೇಲೆ ಹಿತ್ತಲು, ಗೂಡು, ನೀರಿನ ಬಟ್ಟಲು ಎಲ್ಲವೂ ಚುಕ್ಕಿಯದೇ ಆಗಿದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರ ಪಕ್ಕದಿಂದ ಅದನ್ನು ತೆಗೆದು ಕೂರಲು ಹೋಗಿ ನೋಡಿ, ಆಗ ಚುಕ್ಕಿಯ ಸಿಟ್ಟು ಅರ್ಥವಾಗುತ್ತದೆ. ಜೊತೆಗೆ, ಕತ್ತಲಾದ ಮೇಲೆ ಮುಚ್ಚಿದ ಗೂಡಿನಲ್ಲಿ ಆ ಹ್ಯಾಟೆಗೆ ಓಡಿ ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ಬೆಳಕು ಹರಿದದ್ದೇ ತಡ, ನೀವು ಬಾಗಿಲು ತೆಗೆಯುವ ಮುಂಚೆ ಹೊಡೆತ ಬಿದ್ದಿರುತ್ತದೆ.

ಈಗ ಮುಖ್ಯ ಮಾತು. ಎರಡು ತನ್ನಿ. ಒಂದನ್ನೇ ತಂದರೆ ಚುಕ್ಕಿಯ ಎಲ್ಲ ಕುಕ್ಕೂ ಅದರ ತಲೆಗೇ. ಎರಡಿದ್ದರೆ ಹೊಡೆತ ಹಂಚಿಹೋಗುತ್ತದೆ, ಆ ಎರಡಕ್ಕೆ ಪರಸ್ಪರ ಆಸರೆ ಇರುತ್ತದೆ, ಚುಕ್ಕಿಗೂ ಅಟ್ಟಿಸಿಕೊಂಡು ಹೋಗಿ ಸುಸ್ತಾಗುತ್ತದೆ. ಇನ್ನೊಂದು ಲೆಕ್ಕವೂ ಇದೆ. ಮುಂದೆ ಎಂದಾದರೂ ಒಂದು ಕೋಳಿ ಹೋದರೆ ಇವತ್ತಿನ ಸ್ಥಿತಿಗೇ ವಾಪಸ್ ಬರುವುದಿಲ್ಲ. ಮನೆಯಲ್ಲಿ ಸಾಕುವವರಿಗೆ ನಾನು ಯಾವಾಗಲೂ ಹೇಳುವುದು ಮೂರು ಇಟ್ಟುಕೊಳ್ಳಿ ಎಂದೇ. ಜಾಗದ ಚಿಂತೆ ಬೇಡ. ಗೂಡಿನೊಳಗೆ ಕೋಳಿಗೆ ನಾಲ್ಕು ಚದರಡಿ ಸಾಕು, ಅಂದರೆ ನಾಲ್ಕು ಅಡಿಗೆ ಮೂರು ಅಡಿಯ ಗೂಡಿನಲ್ಲಿ ಮೂರು ಆರಾಮಾಗಿ ಇರುತ್ತವೆ. ಹೊರಗೆ ಓಡಾಡಲು ಒಂದೊಂದಕ್ಕೆ ಹತ್ತು ಚದರಡಿಯಾದರೂ ಇರಲಿ.

ಎಂಥವು? ಐದಾರು ತಿಂಗಳ, ಮೊಟ್ಟೆಗೆ ಬರುತ್ತಿರುವ ಜವಾರಿ ಹ್ಯಾಟೆಗಳು. ಹೆಚ್ಚುಕಮ್ಮಿ ಚುಕ್ಕಿಯ ಗಾತ್ರದವು. ಒಂದೇ ಮನೆಯಲ್ಲಿ ಒಟ್ಟಿಗೆ ಬೆಳೆದವಾದರೆ ಇನ್ನೂ ಒಳ್ಳೆಯದು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಗಿರಿರಾಜ, ಸ್ವರ್ಣಧಾರ ತಳಿಗಳೂ ಹಿತ್ತಲಿಗೆ ಹೊಂದುವಂಥವೇ. ಆದರೆ ಮೈ ಭಾರ. ಸಣ್ಣ ಜವಾರಿ ಕೋಳಿಯ ಜೊತೆ ಬಿಟ್ಟಾಗ ತಟ್ಟೆಯ ಮುಂದೆ ಭಾರದ್ದೇ ಮೇಲುಗೈ ಆಗಬಹುದು. ಮೊಟ್ಟೆ ಫಾರಂಗಳಿಂದ ವಯಸ್ಸಾಯಿತೆಂದು ಹೊರಹಾಕುವ ಕೋಳಿಗಳನ್ನು ಕೆಲವರು ಕನಿಕರದಿಂದ ತರುತ್ತಾರೆ. ಅವು ಸಾಧು, ಕೊಕ್ಕಿನ ತುದಿ ಕತ್ತರಿಸಿರುವುದರಿಂದ ಚುಕ್ಕಿಗೆ ಏಟೂ ಆಗುವುದಿಲ್ಲ. ಆದರೆ ಮಣ್ಣು ಕೆದರಿ ಗೊತ್ತಿಲ್ಲ, ಹದ್ದು ಗೊತ್ತಿಲ್ಲ, ತಿರುಗಿ ಕುಕ್ಕಲೂ ಬರುವುದಿಲ್ಲ. ಚುಕ್ಕಿಯಂಥ ಗಟ್ಟಿಗಿತ್ತಿಯ ಮುಂದೆ ಅವು ಮೂಲೆ ಸೇರುತ್ತವೆ. ನಿಮಗೆ ಬೇಡ.

ಗಿರಿರಾಜ ಹುಂಜ ಬೇಡವೇ ಬೇಡ. ಮೊಟ್ಟೆ ಇಡಲು ಕೋಳಿಗೆ ಹುಂಜ ಬೇಕಿಲ್ಲ. ಒಂದು ಹುಂಜಕ್ಕೆ ಎಂಟು-ಹತ್ತು ಹೇಂಟೆ ಇದ್ದರೆ ಸರಿ. ಒಂದೇ ಹೇಂಟೆ ಸಿಕ್ಕರೆ ದಿನವಿಡೀ ಅದರ ಬೆನ್ನು ಹತ್ತುತ್ತದೆ. ಬೆನ್ನಿನ ಪುಕ್ಕ ಹೋಗಿ ಚರ್ಮ ಕಾಣುತ್ತದೆ, ಉಗುರು ತಾಗಿ ಗಾಯವೂ ಆಗುತ್ತದೆ. ಗಿರಿರಾಜ ಹುಂಜ ಮೂರು ಕೆಜಿ ದಾಟುವ ಪ್ರಾಣಿ, ಚುಕ್ಕಿ ಅದರ ಅರ್ಧವೂ ಇರಲಿಕ್ಕಿಲ್ಲ. ಮೇಲಾಗಿ ಬೆಳಗಿನ ಜಾವದ ಕೂಗು. ಇವತ್ತು ಹುಂಜ ಕೊಟ್ಟ ಪಕ್ಕದ ಮನೆಯವರೇ ನಾಳೆ ನಿದ್ದೆ ಇಲ್ಲ ಎಂದು ಬರುತ್ತಾರೆ.

ಬಾತುಕೋಳಿ, ಗಿನಿಕೋಳಿ, ಪಾರಿವಾಳ ಆಗದೇ ಎಂದು ಕೇಳುವವರಿದ್ದಾರೆ. ಒಂದೇ ಹಿತ್ತಲಲ್ಲಿ ಇರುತ್ತವೆ ನಿಜ, ಜೊತೆ ಆಗುವುದು ಅಪರೂಪ. ಬಾತು ನೀರು ಚೆಲ್ಲಿ ಗೂಡನ್ನೆಲ್ಲ ರಾಡಿ ಮಾಡುತ್ತದೆ. ಟರ್ಕಿಯನ್ನಂತೂ ಕೋಳಿಯ ಜೊತೆ ಇಡಲೇಬಾರದು. ಕೋಳಿಗೆ ಅಷ್ಟಾಗಿ ತೊಂದರೆ ಕೊಡದ ಒಂದು ಪರಾವಲಂಬಿ ಜೀವಿ ಟರ್ಕಿಯ ಪಿತ್ತಜನಕಾಂಗ ಕೆಡಿಸಿ ಕೊಂದುಬಿಡುತ್ತದೆ.

ಜವಾರಿ ಕೋಳಿ ಇದ್ದವರಿಗೆ ಇನ್ನೊಂದು ದಾರಿ ಇದೆ, ನನಗೆ ತುಂಬ ಇಷ್ಟದ ದಾರಿ. ಚುಕ್ಕಿ ಕಾವಿಗೆ ಕೂತಾಗ ಮರಿ ಕೊಡಿಸುವುದು. ಗೂಡು ಬಿಟ್ಟು ಏಳದೆ, ಕೈ ಹಾಕಿದರೆ ಪುಕ್ಕ ಕೆದರಿ ಗುರ್ ಎನ್ನುತ್ತಿದ್ದರೆ ಕಾವಿಗೆ ಕೂತಿದೆ ಎಂದೇ ಅರ್ಥ. ಆಗ ಹುಂಜ ಇರುವ ಮನೆಯಿಂದ ಎಂಟು-ಹತ್ತು ತಾಜಾ ಮೊಟ್ಟೆ ತಂದು ಕೆಳಗಿಡಿ. 21 ದಿನಕ್ಕೆ ಮರಿ. ಅಂಗಡಿಯ ಫಾರಂ ಮೊಟ್ಟೆ ಆಗದು, ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದರೆ ಒಳಗೆ ಜೇಡದಂಥ ಕೆಂಪು ನರ ಕಾಣಬೇಕು. ಕಾಣದವನ್ನು ತೆಗೆದುಬಿಡಿ. ಹೀಗೆ ಹುಟ್ಟಿದ ಮರಿಗಳನ್ನು ಚುಕ್ಕಿ ಕುಕ್ಕುವ ಮಾತೇ ಇಲ್ಲ, ಅದೇ ಕಾವಲು ಕಾಯುತ್ತದೆ. ತೊಡಕು ಒಂದೇ. ಸುಮಾರು ಅರ್ಧ ಹುಂಜಗಳೇ ಆಗುತ್ತವೆ. ಅವನ್ನು ಎಲ್ಲಿಗೆ ಕೊಡುತ್ತೀರಿ ಎಂದು ಮೊಟ್ಟೆ ಇಡುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ, ಯಾಕೆಂದರೆ ಮಗ ಅಷ್ಟರಲ್ಲಿ ಎಲ್ಲಕ್ಕೂ ಹೆಸರಿಟ್ಟಿರುತ್ತಾನೆ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿಗಳನ್ನು ಮಾತ್ರ ತರಬೇಡಿ. ಅವು ಸಾಮಾನ್ಯವಾಗಿ ಮೊಟ್ಟೆ ತಳಿಯವರು ಬೇಡವೆಂದು ಬೇರ್ಪಡಿಸಿದ ಗಂಡು ಮರಿಗಳು. ಕಾವಿಗೆ ಕೂರದ ಕೋಳಿಯ ಮುಂದೆ ಯಾವ ಮರಿಯನ್ನು ಬಿಟ್ಟರೂ ಕುಕ್ಕಿ ಸಾಯಿಸಬಹುದು, ಅದನ್ನೂ ನೆನಪಿಡಿ.

ಚುಕ್ಕಿ ಕಾವಿಗೆ ಕೂರುವ ಲಕ್ಷಣವಿಲ್ಲದಿದ್ದರೆ ಕಾಯುತ್ತಾ ಕೂರಬೇಡಿ, ಹ್ಯಾಟೆಗಳನ್ನೇ ತನ್ನಿ. ಎಲ್ಲಿಂದ? ಗೊತ್ತಿರುವ ಮನೆಯಿಂದ. ನಿಮ್ಮ ಅತ್ತೆಯ ಊರೇ ಒಳ್ಳೆಯ ಜಾಗ. ಸಂತೆಯಲ್ಲಿ ಹತ್ತು ಊರಿನ ಕೋಳಿ ಒಂದೇ ಮಂಕರಿಯಲ್ಲಿ ಉಸಿರು ಬಿಟ್ಟಿರುತ್ತವೆ. ದುಗ್ಗಮ್ಮನ ಜಾತ್ರೆ, ಊರ ಮಾರಿಹಬ್ಬಗಳ ಸುತ್ತಮುತ್ತಲ ದಿನಗಳಲ್ಲಂತೂ ಸಾಕಲು ಕೋಳಿ ಕೊಳ್ಳಲೇಬೇಡಿ. ಆಗ ಬರುವುದೆಲ್ಲ ಸಾರಿಗೆ ಹೋಗುವ ಕೋಳಿ. ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿ ತಂದಿರುತ್ತಾರೆ, ಅದರ ಆರೋಗ್ಯ ಯಾರೂ ನೋಡಿರುವುದಿಲ್ಲ. ಊರಲ್ಲಿ ಸಿಗದಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಚಿತ್ರದುರ್ಗದ ಕಡೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂ ಇದೆ. ಸುತ್ತಲಿನ ಯಾವ ರೈತರು ನಾಟಿ ಕೋಳಿ ಸಾಕುತ್ತಾರೆ ಎಂದು ಅಲ್ಲಿ ಕೇಳಬಹುದು.

ಕೊಳ್ಳುವಾಗ ಕೋಳಿಯನ್ನು ಕೈಗೆತ್ತಿಕೊಂಡು ನೋಡಿ, ದೂರದಿಂದ ಅಲ್ಲ. ಎರಡೂ ರೆಕ್ಕೆ ಸೇರಿಸಿ ಎದೆಗೆ ಒತ್ತಿ ಹಿಡಿದು, ಅದರ ಬೆನ್ನಿಗೆ ನಿಮ್ಮ ಕಿವಿ ಇಡಿ. ಗೊರ್ ಗೊರ್ ಸದ್ದು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಕಣ್ಣಲ್ಲಿ ನೊರೆ, ಮೂಗಲ್ಲಿ ಸಿಂಬಳ ಇರಬಾರದು. ಎದೆಮೂಳೆಯ ಎರಡೂ ಕಡೆ ಬೆರಳಾಡಿಸಿ, ಮಾಂಸ ತಾಗಬೇಕು, ಮೂಳೆ ಚಾಕುವಿನ ಅಲಗಿನ ಹಾಗೆ ಚೂಪಾಗಿದ್ದರೆ ಹುಳುವೋ ಕಾಯಿಲೆಯೋ ಇದೆ. ಬಾಲ ಎತ್ತಿ ಹಿಕ್ಕೆ ಹಾಕುವ ಜಾಗದ ಸುತ್ತ ಪುಕ್ಕ ಬಿಡಿಸಿ. ಹೇನು ಮೊದಲು ಸಿಗುವುದು ಅಲ್ಲೇ. ಹಳದಿಯಾಗಿ ಓಡುತ್ತವೆ, ಪುಕ್ಕದ ಬುಡದಲ್ಲಿ ಮೊಟ್ಟೆಗಳು ಬಿಳಿಯಾಗಿ ಗಂಟುಗಟ್ಟಿರುತ್ತವೆ. ಕಾಲಿನ ಹುರುಪೆ ನಯವಾಗಿ ಕೂತಿರಬೇಕು. ಎದ್ದು ಒರಟಾಗಿದ್ದರೆ ಒಳಗೆ ನುಸಿ ಸೇರಿದೆ.

ಕೊಕ್ಕರೆ ರೋಗದ ಲಸಿಕೆ ಆಗಿದೆಯೇ ಎಂದು ಕೇಳಲೇಬೇಕು. ಕತ್ತು ತಿರುಚುವ, ಹಸಿರು ಹಿಕ್ಕೆ ಹಾಕಿಸುವ ಈ ರೋಗ ಬಂದರೆ ಔಷಧಿ ಇಲ್ಲ. ಎರಡು ಕೋಳಿಗೆಂದು ನೀವೇ ಲಸಿಕೆ ಹಾಕಿಸುವುದು ಸ್ವಲ್ಪ ಕಷ್ಟ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಡೋಸ್ ಇರುತ್ತದೆ, ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಯಾವ ದಿನ ಹಾಕುತ್ತಾರೆ ಎಂದು ಕೇಳಿ ಚುಕ್ಕಿಯನ್ನೂ ಸೇರಿಸಿಕೊಳ್ಳಿ.

ಸಂಜೆ ತಂಪು ಹೊತ್ತಿನಲ್ಲಿ, ಗಾಳಿಯಾಡುವ ಪುಟ್ಟಿಯಲ್ಲಿ ತನ್ನಿ. ತಂದ ತಕ್ಷಣ ಚುಕ್ಕಿಗೆ ತೋರಿಸುವ ಆಸೆ ಬೇಡ. ಮೂರರಿಂದ ನಾಲ್ಕು ವಾರ ಬೇರೆ ಇಡಿ. ಚೆನ್ನಾಗಿ ಕಾಣುವ ಕೋಳಿಯ ಒಳಗೂ ಕಾಯಿಲೆ ಮೊಳೆಯುತ್ತಿರಬಹುದು, ಈ ಅವಧಿಯಲ್ಲಿ ಬಹಳಷ್ಟು ಹೊರಬೀಳುತ್ತದೆ. ನಿಮ್ಮ ಮನೆಯಲ್ಲಿ ಚುಕ್ಕಿ ಹಿಂದೆ, ಹೊಸವು ಮುಂದಿನ ವರಾಂಡದಲ್ಲೋ ಮಹಡಿಯಲ್ಲೋ ಇರಲಿ. ಮಹಡಿಯಾದರೆ ತಗಡು ಶೀಟಿನ ಕೆಳಗೆ ಇಡಬೇಡಿ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಆ ಶೀಟಿನ ಕೆಳಗೆ ಮನುಷ್ಯರೇ ನಿಲ್ಲಲಾರರು. ಕೋಳಿಗೆ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಕಾಳು-ನೀರು ಮೊದಲು ಚುಕ್ಕಿಗೆ, ಆಮೇಲೆ ಹೊಸವಕ್ಕೆ. ಬಟ್ಟಲು, ಪೊರಕೆ, ಅಲ್ಲಿಗೆ ಹಾಕುವ ಚಪ್ಪಲಿ ಎಲ್ಲ ಬೇರೆ ಬೇರೆ. ಜಂತುಹುಳದ ಔಷಧಿಯನ್ನು ಪಶುವೈದ್ಯರನ್ನು ಕೇಳಿ ಇದೇ ಸಮಯದಲ್ಲಿ ಮುಗಿಸಿ. ಮಗ ಹಟ ಮಾಡುತ್ತಾನೆ, ಆದರೂ ದಿನ ಕಡಿಮೆ ಮಾಡಬೇಡಿ.

ಅದಾದ ಮೇಲೆ ಪರಿಚಯ. ಹಿತ್ತಲಿನ ಒಂದು ಮೂಲೆಗೆ ಜಾಲರಿ ಕಟ್ಟಿ ಹೊಸವನ್ನು ಅದರೊಳಗೆ ಬಿಡಿ. ಚುಕ್ಕಿ ಹೊರಗೆ. ನೋಡಬಹುದು, ಮುಟ್ಟಲಾಗದು. ಮೊದಲ ದಿನ ಚುಕ್ಕಿ ಕತ್ತಿನ ಪುಕ್ಕ ಎಬ್ಬಿಸಿಕೊಂಡು ಜಾಲರಿಯ ಉದ್ದಕ್ಕೂ ಓಡಾಡುತ್ತದೆ. ಜಾಲರಿಯ ಈ ಕಡೆ ಆ ಕಡೆ ಹತ್ತಿರ ಹತ್ತಿರ ಕಾಳು ಹಾಕಿ. ಒಂದು ವಾರದ ಹೊತ್ತಿಗೆ ಜಾಲರಿಯ ಪಕ್ಕದಲ್ಲೇ ಮಣ್ಣಲ್ಲಿ ಹೊರಳಿ ಕಣ್ಣು ಮುಚ್ಚಿತೆಂದರೆ ಅರ್ಧ ಗೆದ್ದಿರಿ. ಇನ್ನೂ ಜಾಲರಿಗೆ ಹಾಯುತ್ತಿದ್ದರೆ ಮತ್ತೊಂದು ವಾರ.

ಒಟ್ಟಿಗೆ ಬಿಡುವುದು ಸಂಜೆ, ಬಯಲಲ್ಲಿ, ನೀವು ಅಲ್ಲೇ ಕೂತು. ಕಾಳಿನ ತಟ್ಟೆ, ನೀರಿನ ಬಟ್ಟಲು ಎರಡೆರಡು ಕಡೆ ಇರಲಿ, ಒಂದರಿಂದ ಇನ್ನೊಂದು ಕಾಣದ ಹಾಗೆ. ಒಂದು ಹಲಗೆಯನ್ನು ಗೋಡೆಗೆ ಒರಗಿಸಿಟ್ಟರೆ ಹೊಸವಕ್ಕೆ ಬಚ್ಚಿಟ್ಟುಕೊಳ್ಳಲು ಜಾಗ. ಆ ಕಡೆಯಿಂದಲೂ ಹೊರಬರುವಂತಿರಲಿ, ಇಲ್ಲದಿದ್ದರೆ ಅದೇ ಬೋನು. ಒಂದು ಸೊಪ್ಪಿನ ಕಟ್ಟನ್ನು ದಾರಕ್ಕೆ ಕಟ್ಟಿ ನೇತುಹಾಕಿ, ಎಲ್ಲರ ಗಮನ ಅತ್ತ ಹೋಗುತ್ತದೆ. ಚುಕ್ಕಿ ಅಟ್ಟಿಸಿಕೊಂಡು ಹೋಗುತ್ತದೆ, ತಲೆಗೆ ಒಂದೆರಡು ಕುಕ್ಕುತ್ತದೆ, ಹೊಸದು ತಗ್ಗಿ ಸರಿದರೆ ಸುಮ್ಮನಾಗುತ್ತದೆ. ಇಷ್ಟು ಆಗಲೇಬೇಕು ತಾಯಿ, ನಡುವೆ ಹೋಗಬೇಡಿ. ನೀವು ಬಿಡಿಸಿದಷ್ಟೂ ಸಾಲು ನಿರ್ಧಾರವಾಗದೆ ಜಗಳ ಎಳೆಯುತ್ತದೆ. ಆದರೆ ಕೆಳಗೆ ಬಿದ್ದದ್ದರ ಮೇಲೆ ಹತ್ತಿ ಕುಕ್ಕುತ್ತಲೇ ಇದ್ದರೆ, ಅಥವಾ ಒಂದು ಹನಿ ರಕ್ತ ಕಂಡರೂ, ತಕ್ಷಣ ಬೇರೆ ಮಾಡಿ. ಕೆಂಪು ಕಂಡ ಕಡೆ ಕೋಳಿ ಕುಕ್ಕುತ್ತದೆ, ಆಮೇಲೆ ಜೊತೆಗೆ ಬಂದ ಹ್ಯಾಟೆಯೇ ಅದನ್ನು ಕುಕ್ಕೀತು. ಗಾಯಕ್ಕೆ ಅರಿಶಿನ ಹಚ್ಚಿ, ಪೂರ್ತಿ ಒಣಗುವವರೆಗೆ ಜಾಲರಿಯೊಳಗೆ ಇರಲಿ.

ಒಂದು ಗಂಟೆ, ಎರಡು ಗಂಟೆ ಎಂದು ಹೆಚ್ಚಿಸುತ್ತಾ ಹೋಗಿ. ಜಗಳ ಇಳಿದ ಮೇಲೆ ಒಂದು ರಾತ್ರಿ, ಚುಕ್ಕಿ ಅಡ್ಡಗೋಲಿನ ಮೇಲೆ ಕೂತು ನಿದ್ದೆಗಿಳಿದಾಗ, ಹೊಸ ಎರಡನ್ನೂ ಎತ್ತಿ ಪಕ್ಕದಲ್ಲಿ ಕೂರಿಸಿ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಾಣದು, ಜಗಳಕ್ಕೆ ಹೋಗದು. ಕೋಲು ಮೂರು ಅಡಿಯಾದರೂ ಉದ್ದವಿರಲಿ. ಬೆಳಕು ಹರಿಯುವ ಮುಂಚೆ ನೀವೇ ಎದ್ದು ಬಾಗಿಲು ತೆಗೆಯಬೇಕು, ಕನಿಷ್ಠ ಮೊದಲ ಮೂರು ದಿನ. ಇಷ್ಟಾದ ಮೇಲೂ ಚುಕ್ಕಿ ಬಿಡದೆ ಹಿಂಸೆ ಕೊಟ್ಟರೆ, ಚುಕ್ಕಿಯನ್ನೇ ನಾಲ್ಕೈದು ದಿನ ಬೇರೆ ಕಡೆ ಇಡಿ. ಹೊಸವು ಹಿತ್ತಲು ತಮ್ಮದು ಮಾಡಿಕೊಳ್ಳುತ್ತವೆ, ಚುಕ್ಕಿ ವಾಪಸ್ ಬರುವಾಗ ಹೊಸಬಳಾಗಿ ಬರುತ್ತದೆ. ಈ ಉಪಾಯ ಕೈ ಕೊಡುವುದು ಕಡಿಮೆ.

ತಿನ್ನುವುದರಲ್ಲಿ ಒಂದು ಎಚ್ಚರಿಕೆ. ಚುಕ್ಕಿಗೆ ಅಂಗಡಿಯ ಮೊಟ್ಟೆಕೋಳಿ ಫೀಡ್ ಹಾಕುತ್ತಿದ್ದರೆ ಹೊಸವು ಮೊಟ್ಟೆಗೆ ಬರುವವರೆಗೆ ನಿಲ್ಲಿಸಿ. ಅದರಲ್ಲಿರುವ ಜಾಸ್ತಿ ಕ್ಯಾಲ್ಸಿಯಂ ಬೆಳೆಯುವ ಕೋಳಿಯ ಮೂತ್ರಪಿಂಡ ಕೆಡಿಸುತ್ತದೆ. ಎಲ್ಲಕ್ಕೂ ಬೆಳೆಯುವ ಕೋಳಿಗೆಂದೇ ಇರುವ ಗ್ರೋವರ್ ಫೀಡ್ ಹಾಕಿ, ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿಡಿ. ಬೇಕಾದ್ದು ತಿನ್ನುತ್ತದೆ. ಮೆಕ್ಕೆಜೋಳದ ನುಚ್ಚು, ಸಜ್ಜೆ, ಸೊಪ್ಪು ಕೊಡಬಹುದು. ಮಂಡಕ್ಕಿ ಕೇಳಬೇಡಿ, ನಮ್ಮೂರಲ್ಲಿ ಕೋಳಿಗೂ ಅದೇ ತಿಂಡಿ! ಒಂದು ಹಿಡಿ ಬರಿ ಮಂಡಕ್ಕಿಗೆ ಅಡ್ಡಿಯಿಲ್ಲ, ಹೊಟ್ಟೆ ತುಂಬುತ್ತದೆ ಅಷ್ಟೇ, ಸತ್ವವಿಲ್ಲ. ಒಗ್ಗರಣೆ, ಉಪ್ಪು, ಈರುಳ್ಳಿ ಬಿದ್ದದ್ದು ಬೇಡ.

ಚುಕ್ಕಿಯನ್ನೇ ಊರಿಗೆ ಕಳಿಸುವ ಬಗ್ಗೆ ಕೇಳಿದ್ದೀರಿ. ಸುಲಭವೆಂದು ಕಾಣುತ್ತದೆ. ಆದರೆ ಅಲ್ಲಿ ಹತ್ತು ಕೋಳಿಯ ನಡುವೆ ಚುಕ್ಕಿಯೇ ಒಂಟಿ ಹೊಸಬಳು. ಆ ಮೂರು ತಿಂಗಳ ಹ್ಯಾಟೆಗೆ ಆದದ್ದೇ ಇದಕ್ಕೂ ಆಗುತ್ತದೆ, ಅದೂ ಕೈಯಿಂದ ತಿಂದು ರೂಢಿಯಾದ ಕೋಳಿಗೆ. ನಿಮಗೆ ಸಾಕಲು ಆಗುವುದೇ ಇಲ್ಲ ಎಂದಾದರೆ ಮಾತ್ರ ಕಳಿಸಿ. ಆಗಲೂ ಅಲ್ಲಿ ಇದೇ ಜಾಲರಿಯ ಕ್ರಮ ಮಾಡುವವರಿರಬೇಕು.

ಕೊನೆಗೆ, ನಾಯಿ ಹೇಗೆ ಒಳಗೆ ಬಂತು ಎಂದು ನೀವು ಬರೆದಿಲ್ಲ. ಒಂದು ಸಲ ರುಚಿ ನೋಡಿದ ನಾಯಿ ಮತ್ತೆ ಬರುತ್ತದೆ. ತೆಳ್ಳನೆಯ ಕೋಳಿ ಜಾಲರಿಯನ್ನು ನಾಯಿ ಹಲ್ಲಲ್ಲೇ ಹರಿಯುತ್ತದೆ, ಬೆಸುಗೆ ಹಾಕಿದ ಗಟ್ಟಿ ಜಾಲರಿ ಬೇಕು. ಕೆಳಗಿನಿಂದ ತೋಡದ ಹಾಗೆ ಒಂದು ಅಡಿ ಮಣ್ಣೊಳಗೆ ಇಳಿಸಿ, ಇಲ್ಲವೇ ಸುತ್ತ ಕಲ್ಲುಚಪ್ಪಡಿ ಹಾಕಿ. ಗೇಟಿನ ಕೆಳಗಿನ ಸಂದಿಗೆ ಹಲಗೆ ಹೊಡೆಸಿ. ಗೂಡಿನ ಬಾಗಿಲಿಗೆ ಬರೀ ದಾರ ಕಟ್ಟುತ್ತಿದ್ದರೆ ಚಿಲಕ ಹಾಕಿಸಿ. ಈ ಕೆಲಸ ಮುಗಿದ ಮೇಲೆ ಕೋಳಿ ನೋಡಲು ಊರಿಗೆ ಹೋಗಿ.